ಒಂದೇ ಬಿಲ್ಡ್‌ನಲ್ಲಿ ಆರ್‌ಎಸ್‌ಟಿ, ಮಾರ್ಕ್‌ಡೌನ್ ಎರಡೂ: ನನ್ನ ಅನುಭವ

ನಮ್ಮ ತಂತ್ರಾಂಶದ ಕೈಪಿಡಿಗಳನ್ನು ಆರ್‌ಎಸ್‌ಟಿ (reStructuredText), ಮಾರ್ಕ್‌ಡೌನ್ ಎಂಬ ಎರಡು ಮಾರ್ಕಪ್ (ಬರಹದೊಳಗೇ ಚಿಹ್ನೆ ಹಾಕಿ ಶೀರ್ಷಿಕೆ, ಲಿಂಕ್ ಗುರುತಿಸುವ) ಫಾರ್ಮ್ಯಾಟ್‌ಗಳಲ್ಲಿ ಒಂದೇ ರೆಪೊದೊಳಗೆ ಇಟ್ಟರೆ ಎಡವಟ್ಟು ತಪ್ಪಿದ್ದಲ್ಲ ಅಂದವರೇ ಹೆಚ್ಚು. ಈಗ ಪ್ರೋಗ್ರಾಮರ್‌ಗಳಿಗಾಗಿ ಇರುವ ಎಪಿಐ ಕೈಪಿಡಿ ಆರ್‌ಎಸ್‌ಟಿಯಲ್ಲೇ ಇದೆ, ಬಳಕೆದಾರರ ಮಾರ್ಗದರ್ಶಿಯನ್ನು ಆರ್‌ಎಸ್‌ಟಿಯಿಂದ ಮಿಸ್ಟ್ ಎಂಬ ಬಗೆಯ ಮಾರ್ಕ್‌ಡೌನ್‌ಗೆ ಬದಲಿಸಿದ್ದೇನೆ. ಎರಡನ್ನೂ ಸ್ಫಿಂಕ್ಸ್ (ಇಂಥ ಕಡತಗಳಿಂದ ಓದುವ ಪುಟ ಮಾಡುವ ಸಾಧನ) ಒಂದೇ ಬಿಲ್ಡ್‌ನಲ್ಲಿ ಒಟ್ಟಿಗೇ ಕಟ್ಟುತ್ತದೆ. ಒಂದೇ ವಾರ್ನಿಂಗ್ ಬಂದರೂ ಬಿಲ್ಡ್ ಫೇಲ್ ಆಗಲಿ ಎಂದು -ಡಬ್ಲ್ಯು (-W) ಆಯ್ಕೆ ಹಾಕಿದರೂ ಫೇಲ್ ಆಗುತ್ತಿಲ್ಲ, ಅಂದರೆ ವಾರ್ನಿಂಗೇ ಇಲ್ಲ.

ಆರ್‌ಎಸ್‌ಟಿಗೆ ಹೊಸಬರು ಕಳಿಸುವ ಪ್ಯಾಚ್‌ಗಳಲ್ಲಿ (ತಿದ್ದುಪಡಿಗಳಲ್ಲಿ) ಮತ್ತೆ ಮತ್ತೆ ಅವೇ ತಪ್ಪು: ಪಟ್ಟಿಯ ಮೊದಲು ಖಾಲಿ ಸಾಲಿಲ್ಲ, ಡೈರೆಕ್ಟಿವ್ (ಸಾಧನಕ್ಕೆ ಕೊಡುವ ಸೂಚನೆ) ಒಳಗೆ ಇಂಡೆಂಟ್ ಇಲ್ಲ, ಕೋಡ್‌ಗೆ ಎರಡರ ಬದಲು ಒಂದೇ ಬ್ಯಾಕ್‌ಟಿಕ್ (`). ಕೊನೆಯದು ಬಿಲ್ಡ್ ಮುರಿಯುವುದೂ ಇಲ್ಲ. ಸದ್ದಿಲ್ಲದೆ ಓರೆ ಅಕ್ಷರವಾಗಿ ಕೂತುಬಿಡುತ್ತದೆ.

ಆಸ್ಕಿಡಾಕ್ ಎಂಬ ಇನ್ನೊಂದು ಫಾರ್ಮ್ಯಾಟ್ ಕೂಡ ನೋಡಿದ್ದಾಯಿತು. ಟೇಬಲ್ ವಿಷಯದಲ್ಲಿ ಅದೇ ಮೇಲು. ಆದರೆ ಪೈಥಾನ್ ಡಾಕ್‌ಸ್ಟ್ರಿಂಗ್‌ನಿಂದ (ಕೋಡ್ ಒಳಗೇ ಬರೆದ ವಿವರಣೆಯಿಂದ) ಪುಟ ತೆಗೆಯುವ ಆಟೋಡಾಕ್ ಸ್ಫಿಂಕ್ಸ್‌ನದು, ಅಲ್ಲಿಗೆ ಆ ಮಾತು ಮುಗಿಯಿತು.

ಮಾರ್ಗದರ್ಶಿಯ ಪರಿವರ್ತನೆಗೆ ಮೊದಲಿಗೆ ಪ್ಯಾಂಡಾಕ್ (ಫಾರ್ಮ್ಯಾಟ್ ಬದಲಿಸುವ ಸಾಧನ) ಹಿಡಿದದ್ದೇ ತಪ್ಪು. ರೆಫ್ ರೋಲ್‌ಗಳನ್ನು (ಲೇಬಲ್ ಇಟ್ಟ ಜಾಗಕ್ಕೆ ಲಿಂಕ್ ಕೊಡುವ ಗುರುತುಗಳನ್ನು) ಬಾಲ ಅಂಟಿಸಿದ ಕೋಡ್ ತುಣುಕಾಗಿ ಉಗುಳಿತು, ಒಳಗಿನ ಲಿಂಕ್‌ಗಳೆಲ್ಲ ಸತ್ತವು. ಆರ್‌ಎಸ್‌ಟಿ-ಟು-ಮಿಸ್ಟ್ ಎಂಬ ಸಾಧನ ಓಡಿಸಿದ ಮೇಲೆ ಲೇಬಲ್‌ಗಳು ನೆಟ್ಟಗೆ ಬಂದವು. ಲೇಬಲ್ ಹೆಸರು ಮುಟ್ಟದಿದ್ದರೆ ಫಾರ್ಮ್ಯಾಟ್ ಯಾವುದಾದರೂ ರೆಫ್ ಕೆಲಸ ಮಾಡುತ್ತದೆ. ಒಂದು ಕಡತದೊಳಗೆ ಇನ್ನೊಂದನ್ನು ಸೇರಿಸುವ ಇನ್‌ಕ್ಲೂಡ್ ಹಾಗಲ್ಲ: ಮಾರ್ಕ್‌ಡೌನ್ ಕಡತಕ್ಕೆ ಸೇರಿಸಿದ ಆರ್‌ಎಸ್‌ಟಿ ತುಣುಕನ್ನು ಮಿಸ್ಟ್ ಮಾರ್ಕ್‌ಡೌನ್ ಎಂದೇ ಓದುತ್ತದೆ. ಆ ಇನ್‌ಕ್ಲೂಡನ್ನು ಇವ್ಯಾಲ್-ಆರ್‌ಎಸ್‌ಟಿ (ಒಳಗಿನದನ್ನು ಆರ್‌ಎಸ್‌ಟಿ ಎಂದೇ ಓದಿಸುವ) ಬ್ಲಾಕ್‌ನೊಳಗೆ ಇಡಬೇಕು.

ದುಡ್ಡಿನ ಪೆಟ್ಟು ಬಿದ್ದದ್ದು ಅನುವಾದದಲ್ಲಿ. ಪಿಒ ಕಡತದಲ್ಲಿ ಮೂಲ ಸಾಲು, ಅದರ ಅನುವಾದ ಜೋಡಿಯಾಗಿರುತ್ತವೆ; ಮೂಲ ಸಾಲಾದ ಎಂಎಸ್‌ಜಿ-ಐಡಿಯಲ್ಲಿ ಮಾರ್ಕಪ್ ಕೂಡ ಸೇರಿರುತ್ತದೆ. ಒಂದು ಬ್ಯಾಕ್‌ಟಿಕ್ ಬದಲಾದರೂ ಸಾಲು ಫಜಿ, ಅಂದರೆ ಅನುವಾದ ಮರುಪರಿಶೀಲಿಸಬೇಕೆಂಬ ಗುರುತು ಬೀಳುತ್ತದೆ. ಫಜಿ ಸಾಲನ್ನು ಸ್ಫಿಂಕ್ಸ್ ಬದಿಗಿಟ್ಟು ಮೂಲ ಭಾಷೆಯನ್ನೇ ತೋರಿಸುತ್ತದೆ. ನೆನಪಿದ್ದಂತೆ 4,000 ಸಾಲುಗಳಲ್ಲಿ 1,200ರಷ್ಟು ಹೀಗೆ ಹೋದವು. ಅಷ್ಟೂ ಸಾಲಿಗೆ ಅನುವಾದಕರಿಗೆ ಮತ್ತೆ ಸಂಭಾವನೆ ಕೊಡಲು ಹೊರಟಿದ್ದರೆ ವರ್ಷದ ದೇಣಿಗೆ ಅಲ್ಲೇ ಖಾಲಿ. ಹಳೆಯ ಪಿಒ ವಾಪಸ್ ತಂದು, ಎಂಎಸ್‌ಜಿ-ಮರ್ಜ್‌ಗೆ (ಹೊಸ ಮೂಲ ಸಾಲುಗಳನ್ನು ಹಳೆಯ ಅನುವಾದದೊಡನೆ ಹೊಂದಿಸುವ ಸಾಧನಕ್ಕೆ) ಕೊಡುವ ಮೊದಲೇ ಐಡಿ, ಅನುವಾದ ಎರಡರಲ್ಲೂ ರೆಜೆಕ್ಸ್ (ಹುಡುಕಿ ಬದಲಿಸುವ ನಮೂನೆ) ಬಳಸಿ ಮಾರ್ಕಪ್ ಬದಲಿಸಿದೆ. ಉಳಿದದ್ದು 150ರ ಆಸುಪಾಸು, ಅವನ್ನು ಕೈಯಲ್ಲೇ ತಿದ್ದಿದ್ದು. ಯಾವ ರೆಜೆಕ್ಸ್ ಮೊದಲು, ಯಾವುದು ಆಮೇಲೆ ಎನ್ನುವುದರಲ್ಲಿ ಗುಟ್ಟಿದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಅಧ್ಯಾಯವನ್ನು ನೇರ ಕನ್ನಡದಲ್ಲೇ ಆರ್‌ಎಸ್‌ಟಿಗೆ ಹಾಕಿ ನೋಡಿದೆ. ಸ್ಫಿಂಕ್ಸ್‌ಗಾಗಿ ಆರ್‌ಎಸ್‌ಟಿ ಓದುವ ಡಾಕ್‌ಯುಟಿಲ್ಸ್, ಅಕ್ಷರಕ್ಕೆ ಹತ್ತುವ ಕಾಗುಣಿತದ ಸ್ವರ ಚಿಹ್ನೆಯನ್ನೂ ಒಂದೊಂದು ಕಾಲಮ್ ಎಂದು ಎಣಿಸುತ್ತದೆ. ಶೀರ್ಷಿಕೆಗೆ ಸರಿಸಮನಾಗಿ ಕಾಣುವ ಅಡಿಗೆರೆ ಎಳೆದರೂ ಗಿಡ್ಡವಾಯಿತು ಎನ್ನುವ ವಾರ್ನಿಂಗ್! ಮಾರ್ಕ್‌ಡೌನ್‌ನಲ್ಲಿ ಶೀರ್ಷಿಕೆಯ ಮುಂದೆ ಒಂದು ಹ್ಯಾಶ್ (#) ಸಾಕಾಯಿತು.