ಹಳೇ ಮನೆ ಬಿಚ್ಚಿದ ಮರ, ಹಂಡೆ ಒಲೆಗೆ

ಹೆಂಚಿನ ಮನೆ ಬಿಚ್ಚಿದಾಗ ಅಂಗಳದಲ್ಲಿ ರಾಶಿ ಬಿದ್ದ ಮರವೆಲ್ಲ ಸೌದೆಯಲ್ಲ. ತುದಿಯಲ್ಲಿ ಚೂರು ಕೆತ್ತಿ ನೋಡಿ. ಹೊಂಗಂದು ಬಣ್ಣ, ಕೈಗೆ ಜಿಡ್ಡು, ಚರ್ಮದಂಥ ವಾಸನೆ ಇದ್ದರೆ ತೇಗ. ಕೆತ್ತಿದ ಜಾಗ ಅರಿಶಿನದ ಹಾಗೆ ಕಂಡರೆ ಹಲಸಿರಬಹುದು. ಇವುಗಳ ಗಟ್ಟಿ ತೊಲೆಯನ್ನು ಒಲೆಗಿಡಬೇಡಿ, ಬಡಗಿಗೆ ತೋರಿಸಿ. ಗೆದ್ದಲು ತಿಂದು ಹಗುರಾದದ್ದು ಉರಿ ಹತ್ತಿಸಲು ಸಾಕು.

ಬಣ್ಣ ಬಳಿದ ಕಿಟಕಿ ಚೌಕಟ್ಟು, ಪ್ಲೈವುಡ್, ಗೋಡೆಯೊಳಗಿದ್ದ ಡಾಂಬರು ಹಚ್ಚಿದ ತುದಿ, ಇವು ಬೇಡವೇ ಬೇಡ. ಹಳೇ ಬಣ್ಣದಲ್ಲಿ ಸೀಸ ಇರಬಹುದು; ಅದು ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯೇ ಆಮೇಲೆ ತರಕಾರಿ ಮಡಿಗೆ ಹೋಗುವುದಲ್ಲವೇ?

ನಿಜವಾದ ಕೆಲಸ ಮೊಳೆಯದ್ದು. ತಲೆ ತುಕ್ಕು ಹಿಡಿದು ಉದುರಿರುತ್ತದೆ, ಮೊಳೆ ಒಳಗೇ ಇರುತ್ತದೆ. ಮರದ ಮೇಲೆ ಬೊಟ್ಟಿಟ್ಟಂತೆ ನೀಲಿಗಪ್ಪು ಕಲೆ ಕಂಡರೆ ಅಲ್ಲಿ ಕಬ್ಬಿಣವಿದೆ ಎಂದೇ ತಿಳಿಯಿರಿ. ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ನಾಲ್ಕೂ ಮೈ ಮೇಲೆ ಎಳೆಯಿರಿ. ಆದರೆ ಆಳದ ಮೊಳೆ, ಹಿತ್ತಾಳೆ ಸ್ಕ್ರೂ ಅದಕ್ಕೆ ಸಿಗುವುದಿಲ್ಲ. ಕೀಳಲು ಬಾರದಿದ್ದರೆ ಎರಡು ಬೆರಳು ದೂರದಲ್ಲಿ ಕೊಯ್ಯಿರಿ. ಒಂದೇ ಮೊಳೆ ಸಾಕು, ಗರಗಸದ ಹಲ್ಲು ಮೊಂಡಾಗಲು.

ಅಳತೆಗೆ ಒಲೆಯ ಬಾಯಿಯಿಂದ ಹಿಂಗೋಡೆವರೆಗೆ ಅಳೆದು 5 ಸೆಂ.ಮೀ. ಕಳೆಯಿರಿ. ಒಲೆ 45 ಇದ್ದರೆ ತುಂಡು 40. ಆ ಉದ್ದದ ಒಂದು ಕೋಲನ್ನೇ ಕೊನೆವರೆಗೂ ಅಳತೆಗಿಡಿ. ಆಗಷ್ಟೇ ಕೊಯ್ದ ತುಂಡನ್ನಿಟ್ಟು ಮುಂದಿನದನ್ನು ಗುರುತಿಸಿದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ. 3 ಮೀಟರಿನ ಪಕಾಸಿಗೆ (ಹೆಂಚು ಹೊರುವ ಓರೆ ಮರ) 7 ತುಂಡು, ಉಳಿದ ಒಂದು ಗೇಣು ಪುಡಿಗಟ್ಟಿಗೆ.

ಕೊಯ್ಯುವ ತುದಿ ಆಧಾರದಿಂದ ಹೊರಗೆ ಚಾಚಿರಲಿ. ಎರಡು ಆಧಾರಗಳ ನಡುವೆ ಕೊಯ್ದರೆ ಮರ ಕೆಳಕ್ಕೆ ಬಾಗಿ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚುತ್ತದೆ. ಕಚ್ಚಿದರೆ ಜಗ್ಗಬೇಡಿ, ಸೀಳಿಗೆ ಸಣ್ಣ ಬೆಣೆ ಹೊಡೆಯಿರಿ. ದೊಡ್ಡ ಹಲ್ಲಿನ ಬಿಲ್ಲುಗರಗಸ ಒಳ್ಳೆಯದು. ಬಡಗಿಯ ಸಣ್ಣ ಹಲ್ಲಿನದರಲ್ಲಿ ಪುಡಿ ಕಟ್ಟಿಕೊಳ್ಳುತ್ತದೆ. ಕೊನೆಯ ಬೆರಳಗಲದಲ್ಲಿ ಒತ್ತಡ ಬಿಡಿ, ಇಲ್ಲವಾದರೆ ತುಂಡು ಸಿಗಿದು ಕಾಲ ಮೇಲೆ ಬೀಳುತ್ತದೆ.

ತೊಲೆ ತುಂಡನ್ನು ನಾಲ್ಕಾಗಿ ಸೀಳಬೇಕು. ಗಂಟಿಲ್ಲದ ತುದಿ ಮೇಲೆ ಬರಲಿ, ಕೊಡಲಿ ಏಟು ಹಳೇ ಬಿರುಕಿನ ಗೆರೆಯಲ್ಲೇ ಬೀಳಲಿ.

ಮಳೆಗೆ ನೆನೆದಿದ್ದರೆ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದಿದ್ದರೆ ಒಣಗಿದೆ, ಒಲೆಗೆ ಹಾಕಬಹುದು.