ನಾಯಿ ಇದೆಯಾ? ಶುಗರ್‌ಫ್ರೀ ಚ್ಯೂಯಿಂಗ್ ಗಮ್ ಜೋಪಾನ

ಚಾಕೊಲೇಟ್ ನಾಯಿಗೆ ಆಗುವುದಿಲ್ಲ ಅಂತ ಹೆಚ್ಚಿನವರಿಗೆ ಗೊತ್ತು, ಅಲ್ವಾ? ಕಪ್ಪಾದಷ್ಟೂ ಅಪಾಯ ಜಾಸ್ತಿ. ಆದರೆ ನನಗೆ ಅದಕ್ಕಿಂತ ಭಯ ಶುಗರ್‌ಫ್ರೀ ಚ್ಯೂಯಿಂಗ್ ಗಮ್ ಕಂಡರೆ. ಅದರಲ್ಲಿ ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇದ್ದರೆ, ತಿಂದ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು. ನಾಯಿ ತೂರಾಡುತ್ತದೆ, ಫಿಟ್ಸ್ ಬರಬಹುದು, ಲಿವರ್ ಕೂಡ ಕೆಡಬಹುದು. ಕೆಲವು ಪೀನಟ್ ಬಟರ್, ಟೂತ್‌ಪೇಸ್ಟ್‌ಗಳಲ್ಲೂ ಇದು ಇರುತ್ತದೆ. ಲೇಬಲ್ ಓದಿ. ‘ಬರ್ಚ್ ಶುಗರ್’ ಅಂತ ಬರೆದಿದ್ದರೂ ಅದೇ. ಗಮ್ ಇರುವ ಬ್ಯಾಗನ್ನು ನೆಲದ ಮೇಲೆ ಬಿಡಬೇಡಿ. ಜಿಪ್ ಎಳೆದಿದ್ದರೂ ನಾಯಿಗಳಿಗೆ ಲೆಕ್ಕಕ್ಕಿಲ್ಲ!

ದ್ರಾಕ್ಷಿ, ಒಣದ್ರಾಕ್ಷಿಯಿಂದ ಕಿಡ್ನಿಗೆ ಪೆಟ್ಟು. ಕೆಲವು ನಾಯಿಗಳಿಗೆ ಸ್ವಲ್ಪ ತಿಂದರೂ ಸಾಕು. ‘ನಮ್ಮದು ತಿಂದು ಆರಾಮಾಗಿದೆ’ ಅನ್ನುವವರ ಮಾತು ಸುಮ್ನೆ ನಂಬಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ ಪುಡಿ ಮಾಡಿದರೂ ಅಪಾಯವೇ. ಕೆಂಪು ರಕ್ತಕಣಗಳು ಒಡೆಯುತ್ತವೆ. ಒಸಡು ಬಿಳಿಚಿಕೊಳ್ಳುವುದು, ಮಂಕಾಗುವುದು ಕಾಣಲು ಕೆಲವು ದಿನಗಳೇ ಬೇಕಾಗಬಹುದು.

ತಿಂದಿದೆ ಅಂತ ಗೊತ್ತಾದ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಲಕ್ಷಣಕ್ಕೆ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ವಿಷವಾಗಬಹುದು. ಏನು, ಎಷ್ಟು, ಯಾವಾಗ ತಿಂದಿತು, ನಾಯಿಯ ತೂಕ ಎಷ್ಟು ಅಂತ ಹೇಳಿ. ಹರಿದ ಕವರ್ ಸಿಕ್ಕರೆ ಅದನ್ನೂ ತೆಗೆದುಕೊಂಡು ಹೋಗಿ.