ಹುಳುಕಡ್ಡಿಗೆ ಮುಲಾಮು ಹಚ್ಚುವ ಮುನ್ನ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಒಂದು ಬಟ್ಟೆಯೂ ಸರಿಯಾಗಿ ಒಣಗಲಿಲ್ಲ. ನನ್ನ ಸೊಂಟದಲ್ಲಿ ಹುಳುಕಡ್ಡಿ ಎದ್ದಿತು. ಅಂಗಡಿಯವನು ಕೊಟ್ಟ ಟ್ಯೂಬು ಹಚ್ಚಿದೆ. ಎರಡೇ ದಿನದಲ್ಲಿ ತುರಿಕೆ ಮಾಯ. ತಿಂಗಳು ಕಳೆಯುವಷ್ಟರಲ್ಲಿ ಬಳೆಯಷ್ಟಿದ್ದ ಕಲೆ ತಟ್ಟೆಯಷ್ಟಾಗಿತ್ತು. ಆ ಟ್ಯೂಬಿನಲ್ಲಿ ಕ್ಲೊಬೆಟಸಾಲ್ ಎಂಬ ಸ್ಟೀರಾಯ್ಡ್ ಇತ್ತು. ಅದು ಉರಿಯನ್ನು ಅಡಗಿಸುತ್ತದೆ, ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರವನ್ನು (ಫಂಗಸ್) ಬೆಳೆಯಲು ಬಿಡುತ್ತದೆ. ಹಾಗಾಗಿ ಕನ್ನಡಕ ಹಾಕಿಕೊಂಡು ಮೊದಲು ಸಣ್ಣ ಅಕ್ಷರ ಓದಿ. ಕ್ಲೊಬೆಟಸಾಲ್, ಬೀಟಾಮೆಥಸೋನ್‌ನಂಥ ಸ್ಟೀರಾಯ್ಡ್ ಹೆಸರು ಕಂಡರೆ ವಾಪಸ್ ಕೊಡಿ.

ಶಿಲೀಂಧ್ರದ ಕೋಶಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ನಮ್ಮ ಕೋಶಗಳಲ್ಲಿ ಆ ಜಾಗದಲ್ಲಿರುವುದು ಕೊಲೆಸ್ಟರಾಲ್. ಶಿಲೀಂಧ್ರಕ್ಕೆ ಹಚ್ಚುವ ಮುಲಾಮುಗಳಲ್ಲಿರುವ ಕ್ಲೊಟ್ರಿಮಜೋಲ್, ಲುಲಿಕೊನಜೋಲ್, ಟರ್ಬಿನಾಫಿನ್ ಎಲ್ಲವೂ ಎರ್ಗೊಸ್ಟೆರಾಲ್ ತಯಾರಿಕೆಗೇ ಕತ್ತರಿ ಹಾಕುತ್ತವೆ.

ಚರ್ಮವನ್ನು ಚೆನ್ನಾಗಿ ಒರೆಸಿ, ಕಲೆಯ ಅಂಚಿನಿಂದ ಸುಮಾರು 2 ಸೆಂ.ಮೀ. ಆಚೆಯವರೆಗೂ ಹಚ್ಚಿ. ಕಲೆ ಮಾಸಿತೆಂದು ನಿಲ್ಲಿಸಬೇಡಿ. ವೈದ್ಯರು ಹೇಳಿದ ಅವಧಿ ಮುಗಿಸಿ. ಹರಡಿದ್ದರೆ ಮಾತ್ರೆ ಬೇಕಾಗಬಹುದು. ನನಗೆ ಚರ್ಮವೈದ್ಯರು ಬರೆದದ್ದು ಇಟ್ರಾಕೊನಜೋಲ್ ಕ್ಯಾಪ್ಸೂಲ್. ಅದನ್ನು ಊಟವಾದ ಕೂಡಲೇ ನುಂಗಬೇಕು. ಹೊಟ್ಟೆಯ ಆಮ್ಲವಿಲ್ಲದೆ ಸರಿಯಾಗಿ ಕರಗುವುದಿಲ್ಲ. ನಾನೋ, ಜೊತೆಗೇ ಆ ಆಮ್ಲವನ್ನು ತಗ್ಗಿಸುವ ಗ್ಯಾಸಿನ ಮಾತ್ರೆಯನ್ನೂ ನುಂಗುತ್ತಿದ್ದೆ! ಯಕೃತ್ತಿನ ಅಥವಾ ಹೃದಯದ ತೊಂದರೆ, ಗರ್ಭ, ಬೇರೆ ಔಷಧಿಗಳಿದ್ದರೆ ಮೊದಲೇ ಹೇಳಿ.

ಟವೆಲ್ ಹಂಚಿಕೊಳ್ಳಬೇಡಿ. ಮಳೆಗಾಲದಲ್ಲಿ ಒಳಉಡುಪಿಗೂ ಇಸ್ತ್ರಿ ಹಾಕಿ, ಮನೆಯವರು ನಕ್ಕರೂ ಸರಿ.